ದಾರಿಯಲ್ಲಷ್ಟೇ ನಿಲ್ಲುವ ಕಾರು

ಸಾವಿರದ ಒಂಬೈನೂರಾ ತೊಂಬತ್ತೊಂಬತ್ತರ ಮೇ ತಿಂಗಳು. ಒಂದು ಸೋಮವಾರ ಬೆಳಿಗ್ಗೆ ಬೈಲಹೊಂಗಲದ ಹತ್ತಿ ವ್ಯಾಪಾರಿ ವೀರಪ್ಪ ಸಾವುಕಾರರು ತಮ್ಮ ಕೆಂಪು ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ಗೌತಮನ ಅಂಗಡಿಯ ಮುಂದೆ ನಿಲ್ಲಿಸಿದರು.

ಗೌತಮನದು ಸವದತ್ತಿ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಸಣ್ಣ ಅಂಗಡಿ. ಟ್ರ್ಯಾಕ್ಟರಿನ ಡೈನಮೋ, ಲಾರಿಯ ಹೆಡ್‌ಲೈಟು, ಜೀಪಿನ ಸೆಲ್ಫು ಅವನ ದಿನದ ಕೆಲಸ. ಆ ಕೆಂಪು ಗಾಡಿ ಮಾತ್ರ ಬೇರೆ ಜಾತಿಯದು. ಎರಡೇ ಸೀಟು, ಮೇಲೆ ಕ್ಯಾನ್ವಾಸ್ ಛತ್ತು, ನೆಲದಿಂದ ಒಂದೇ ಗೇಣು ಎತ್ತರ. ಬೆಳಗಾವಿ ಬಿಟ್ಟು ಹೋಗುತ್ತಿದ್ದ ಮಿಲಿಟರಿ ಸಾಹೇಬನೊಬ್ಬನಿಂದ ಸಾವುಕಾರರು ಹರೆಯದಲ್ಲಿ ಕೊಂಡ ವಿಲಾಯತಿ ರೇಸ್ ಗಾಡಿ. ಅದರ ವೈರಿಂಗನ್ನು ಪೂರ್ತಿ ಬಿಚ್ಚಿ ಹೊಸದಾಗಿ ಎಳೆದವನು ಗೌತಮ. ಅವನ ಓಣಿಯವರು ಯಾರೂ ಸಾವುಕಾರರ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತವರಲ್ಲ. ಆ ಗಾಡಿಯ ದೆಸೆಯಿಂದ ಅವನಿಗೆ ಕುರ್ಚಿ ಬಂದಿತ್ತು.

ಅದೇ ಗಾಡಿ ಮಾರ್ಚಿನಲ್ಲಿ ಸಾವುಕಾರರ ಮಗ ಸುಭಾಸನ ಕಾಲು ಮುರಿದಿತ್ತು. ಕಿತ್ತೂರಿನ ಹತ್ತಿರ ಹೈವೇ ದಾಟುವಾಗ ನಡುರಸ್ತೆಯಲ್ಲೇ ಎಂಜಿನ್ ಸತ್ತು ನಿಂತಿತು. ಸುಭಾಸ ಇಳಿದು ದಬ್ಬುತ್ತಿದ್ದಾಗ ಹಿಂದಿನಿಂದ ಬಂದ ಟೆಂಪೋ ಬಡಿಯಿತು. ಎಲುಬು ಎರಡು ಕಡೆ ಮುರಿದು ಒಳಗೆ ರಾಡು ಕೂತಿತು. ಅದಕ್ಕೂ ಒಂದು ವಾರ ಮೊದಲು ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದವನು ಗೌತಮನ ಪಕ್ಕದ ಗ್ಯಾರೇಜಿನ ಮುದಿ ಮಿಸ್ತ್ರಿ ಶಟ್ಟೆಪ್ಪ. ತಪ್ಪು ಅವನದೇ ಎಂದು ಊರು ತೀರ್ಮಾನ ಮಾಡಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಎದುರು, ಇಪ್ಪತ್ತು ಮಂದಿ ನೋಡುತ್ತಿರುವಾಗ, ಸಾವುಕಾರರು ಅವನನ್ನು ಬಾಯಿಗೆ ಬಂದಂತೆ ಬೈದರು. ಆಮೇಲೆ ಅವನ ಗ್ಯಾರೇಜಿಗೆ ಒಂದು ಟ್ರ್ಯಾಕ್ಟರೂ ಬರಲಿಲ್ಲ. ಏಪ್ರಿಲಿನಲ್ಲಿ ಅವನು ಶಟರ್ ಎಳೆದು, ರಾಮದುರ್ಗದ ಆಚೆ ಸುರೇಬಾನದಲ್ಲಿ ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ನಿಂತ.

"ಐತವಾರ ಬೆಳಗಾವ್ಯಾಗ ಹಳೇ ಗಾಡಿಗೋಳ ಮೆರವಣಿಗಿ ಐತಿ. ನಮ್ಮ ಶಿವಾನಿ ನಡಸ್ತಾಳ. ಕಾರ್ಬುರೇಟರ್ ಬೆಳಗಾವಿ ಮಿಸ್ತ್ರಿಗೋಳ ಬಂದು ಹೊಸಾದ ಹಾಕ್ಯಾರ. ನೀ ನೋಡೂಮಟಾ ನಡಸೂದ ಬ್ಯಾಡಂತ ಎಳಸಿಕೊಂಡ ಬಂದೇನಿ. ವಯರಿಂಗ್ ಒಮ್ಮಿ ನೋಡಿ ಹೇಳು, ಆತು" ಎಂದರು ಸಾವುಕಾರರು.

ಜೊತೆಗೆ ಬಂದಿದ್ದ ಅವರ ಹೆಂಡತಿ ರಾಚವ್ವ ಗಾಡಿಯ ಕಡೆ ನೋಡಲೂ ಇಲ್ಲ. ಗೌತಮನನ್ನೇ ದಿಟ್ಟಿಸಿ, "ಗೌತಮ, ಒಬ್ಬ ಮಗಾ ಕಟ್ಟಿಗಿ ಊರಿ ನಡೀಲಿಕ್ಹತ್ಯಾನ. ಇನ್ನ ಮಗಳನ್ನ ಕೂಡಸ್ತೇನಿ. ಛಲೋ ಐತಿ ಅಂತ ನಿನ್ನ ಬಾಯಿಂದ ಬಂದ್ರ ಅಷ್ಟ ನಾ ಬಿಡಾಕಿ" ಎಂದರು.

ಗೌತಮ ಆಗಲೇ ಬಾನೆಟ್ ಎತ್ತಿದ.

ಮೂರು ದಿನ ಹುಡುಕಿದ. ಚಾವಿಯಿಂದ ಕಾಯಿಲ್‌ವರೆಗೆ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ವರೆಗೆ ಒಂದೊಂದೇ ವೈರನ್ನು ಜಗ್ಗಿ, ಅಲುಗಾಡಿಸಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ. ಪಾಯಿಂಟ್ ತಿಕ್ಕಿದ, ಕಂಡೆನ್ಸರ್ ಬದಲಿಸಿದ. ಈ ಗಾಡಿಯ ಪೆಟ್ರೋಲ್ ಪಂಪು ಕರೆಂಟಿನದು. ಚಾವಿ ತಿರುವಿದರೆ ಹಿಂದಿನ ಗಾಲಿಯ ಹತ್ತಿರ ಟಕ್ ಟಕ್ ಎಂದು ಬಡಿದುಕೊಳ್ಳುತ್ತದೆ. ಅದನ್ನೂ ಬಿಚ್ಚಿ ಸ್ವಚ್ಛ ಮಾಡಿದ. ಪ್ರತಿ ಸಲ ಮುಚ್ಚಳ ತೆಗೆದು, ಟ್ಯಾಂಕಿಗೆ ಎರಡು ಲೀಟರ್ ಸುರಿದು, ಎಂಜಿನ್ ಹಚ್ಚಿ ಅರ್ಧ ತಾಸು ಬಿಟ್ಟ. ಊರ ಸುತ್ತ ನಾಲ್ಕು ರೌಂಡ್ ಹೊಡೆದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಕೆಟ್ಟದ್ದು ಕಂಡರೆ ಅವನಿಗೆ ಹೆದರಿಕೆ ಇರಲಿಲ್ಲ. ಕಾಣದಿರುವುದೇ ಹೆದರಿಕೆ. ಕೆಲಸ ಬಿಟ್ಟು ಗಾಡಿಯನ್ನೇ ನೋಡುತ್ತ ಕೂರುತ್ತಿದ್ದ. ಹೆಂಡತಿ ಸಪ್ನಾ ಬುಧವಾರ ಮಧ್ಯಾಹ್ನ ಬುತ್ತಿ ತಂದವಳು ಕೇಳಿದಳು: "ಗಾಡಿ ನಡ್ಯಾಕ್ಹತ್ತೇತಲ್ರಿ? ಮತ್ಯಾಕ ಹಿಂಗ ಕುಂತೀರಿ?"

"ಕಿತ್ತೂರಿಗೆ ಹೋಗೂಮಟಾನೂ ನಡದಿತ್ತು. ಯಾಕ ನಿಂತು ಅನ್ನೂದು ಗೊತ್ತಾಗದ ಛಲೋ ಐತಿ ಅಂತ ಹೆಂಗ ಹೇಳ್ಲಿ?"

"ಗೊತ್ತಾಗಲಿಲ್ಲ ಅಂತ ಹೇಳಿಬಿಡ್ರಿ."

ಅವನು ಮತ್ತೆ ಟೆಸ್ಟ್ ಲ್ಯಾಂಪ್ ಎತ್ತಿಕೊಂಡ. ಗೊತ್ತಾಗಲಿಲ್ಲ ಎಂದವನಿಗೆ ನಾಳೆ ಯಾರು ಗಾಡಿ ಕೊಡುತ್ತಾರೆ? ಗೋಡೆಯಾಚೆ ಶಟ್ಟೆಪ್ಪನ ಶಟರ್ ಮುಚ್ಚಿದ್ದನ್ನು ಅವನು ದಿನಾ ನೋಡುತ್ತಿದ್ದ.

ಗುರುವಾರ ಮುಂಜಾನೆ ಶಿವಾನಿ ಅಂಗಡಿಗೆ ಬಂದಳು. ಇಪ್ಪತ್ತೆರಡರ ಹುಡುಗಿ, ಧಾರವಾಡದಲ್ಲಿ ಓದುತ್ತಿದ್ದಳು. ಗೌತಮ ಅವಳಿಗೆ ಒಂದೇ ಮಾತು ಹೇಳಿದ: "ಅಕ್ಕಾರ, ಅಂಗಡ್ಯಾಗ ಇದು ತಪ್ಪು ತೋರಸೂದಿಲ್ಲ. ದೂರ ಹೋಗಬೇಕು. ನೀವ ನಡಸ್ರಿ, ನಾ ಕುಂಡರತೇನಿ."

ಇಬ್ಬರೂ ಮುನವಳ್ಳಿಯ ದಾರಿ ಹಿಡಿದರು. ನವಿಲುತೀರ್ಥದ ಡ್ಯಾಮಿನವರೆಗೆ ಹೋಗಿ ತಿರುಗುವುದೆಂದು ಮಾತು. ಹತ್ತು ಗಂಟೆಗೇ ಬಿಸಿಲು ಕಾದಿತ್ತು. ಎರಡೂ ಬದಿ ಬರಿದಾದ ಕರಿಮಣ್ಣಿನ ಎರಿ ಹೊಲ. ಶಿವಾನಿ ಚೆನ್ನಾಗಿ ನಡೆಸುತ್ತಿದ್ದಳು. ಗೌತಮನ ಕಣ್ಣು ಮಾತ್ರ ಮೀಟರುಗಳ ಮೇಲಿಂದ ಅಲುಗಲಿಲ್ಲ. ಹತ್ತು ಕಿಲೋಮೀಟರ್. ಹದಿನೈದು. ಇಪ್ಪತ್ತು. ಪ್ರತಿ ತಗ್ಗಿನಲ್ಲಿ ಗಾಡಿ ಕುಲುಕಿದಾಗ ಅವನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಗೌತಮಣ್ಣಾ, ನೀವು ನನ್ನ ಡ್ರೈವಿಂಗಿಗೆ ಅಂಜೀರೋ ಏನು ಗಾಡಿಗೆ ಅಂಜೀರೋ?" ಎಂದು ಅವಳು ನಕ್ಕಳು.

ಮುನವಳ್ಳಿ ಇನ್ನೂ ಐದಾರು ಕಿಲೋಮೀಟರ್ ಇತ್ತು. ಏರುದಾರಿಯ ನಡುವೆ ಗಾಡಿ ಒಮ್ಮೆ ಜಗ್ಗಿತು. ಇನ್ನೊಮ್ಮೆ ಜಗ್ಗಿತು. ಆಮೇಲೆ ಎಂಜಿನ್ ಸದ್ದು ನಿಂತು, ಟೈರಿನ ಸಪ್ಪಳವಷ್ಟೇ ಉಳಿಯಿತು.

"ಬ್ರೇಕ್! ಬ್ರೇಕ್ ಹಿಡೀರಿ!"

ಹಿಂದೆ ಉಸುಕಿನ ಲಾರಿಯೊಂದು ಏರಿಗೆ ದಮ್ಮು ಕಟ್ಟಿ ಬರುತ್ತಿತ್ತು. ಗೌತಮ ಬಾಗಿಲು ಹಾರಿ ಇಳಿದು, ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಬೀಸುತ್ತ ಲಾರಿಯ ಎದುರಿಗೇ ಓಡಿದ. ಲಾರಿ ಹಾರ್ನ್ ಬಾರಿಸುತ್ತ ಬಲಕ್ಕೆ ಹೊರಳಿ, ಕೆಂಪು ಗಾಡಿಗೆ ಒಂದು ಮೊಳ ಬಿಟ್ಟು ದಾಟಿತು. ಡ್ರೈವರ್ ಬೈದದ್ದು ಧೂಳಿನಲ್ಲಿ ಕೇಳಿಸಿತು. ಶಿವಾನಿ ಎರಡೂ ಕಾಲನ್ನು ಬ್ರೇಕಿನ ಮೇಲೆ ಒತ್ತಿ, ಸ್ಟೀಯರಿಂಗನ್ನು ಅವಚಿ ಹಿಡಿದು ಕೂತಿದ್ದಳು. ಮುಖದಲ್ಲಿ ನಗೆ ಇರಲಿಲ್ಲ.

ಇಬ್ಬರೂ ದಬ್ಬಿ ಗಾಡಿಯನ್ನು ರಸ್ತೆಯ ಬದಿಗೆ ಹಚ್ಚಿದರು. ಅವಳನ್ನು ದೂರದ ಬೇವಿನ ಮರದ ನೆರಳಿಗೆ ಕಳಿಸಿ ಅವನು ಬಾನೆಟ್ ಎತ್ತಿದ. ಪ್ಲಗ್ ವೈರ್ ತೆಗೆದು ನೋಡಿದರೆ ನೀಲಿ ಕಿಡಿ, ಗಟ್ಟಿಯಾಗಿತ್ತು. ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ ಒಣಗಿತ್ತು. ಪೆಟ್ರೋಲ್ ಬರುತ್ತಿಲ್ಲ. ಚಾವಿ ತಿರುವಿದ. ಪಂಪಿನ ಟಕ್ ಟಕ್ ಇಲ್ಲ. ಗಾಡಿಯ ಅಡಿಗೆ ನುಗ್ಗಿ ಪಂಪಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ದೀಪ ಹತ್ತಿತು. ಕರೆಂಟ್ ಬರುತ್ತಿದೆ, ಪಂಪು ಮುಟ್ಟಿದರೆ ಕೈ ಸುಡುತ್ತದೆ, ಆದರೂ ಬಡಿಯುತ್ತಿಲ್ಲ. ಏನನ್ನೋ ಎಳೆಯಲು ಹೋಗಿ ಎಳೆಯಲಾರದೆ ಸಿಕ್ಕಿಕೊಂಡಂತೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಐತೋ ಇಲ್ಲೋ ಎಂದು ಮುಚ್ಚಳ ತಿರುವಿದ.

ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಉದ್ದನೆಯ ಉಸಿರು. ಅದು ಮುಗಿಯುವ ಮೊದಲೇ ಪಂಪು ತಾನಾಗಿ ಟಕ್ ಟಕ್ ಟಕ್ ಎಂದು ಬಡಿಯತೊಡಗಿತು.

ಗೌತಮ ಮುಚ್ಚಳವನ್ನು ಬೋರಲು ಮಾಡಿದ. ಒಳಗೆ ದುಂಡಗೆ ಕತ್ತರಿಸಿದ ಕಪ್ಪು ರಬ್ಬರು ಇತ್ತು. ಟ್ರ್ಯಾಕ್ಟರ್ ಟ್ಯೂಬಿನದು. ಅಂಚಿನಲ್ಲಿ ಅವನದೇ ಕತ್ತರಿಯ ಸೊಟ್ಟ ಕಚ್ಚು.

ಫೆಬ್ರವರಿಯಲ್ಲಿ ಹಿಂದಿನ ದೀಪದ ವೈರ್ ನೋಡಲು ಹೋದಾಗ ರಾಚವ್ವ ಗೊಣಗಿದ್ದರು, ಈ ಗಾಡಿ ಪೆಟ್ರೋಲ್ ನಾರತೈತಿ, ಕುಂತ್ರ ತಲಿ ಹಿಡೀತೈತಿ ಎಂದು. ಐದು ನಿಮಿಷದ ಕೆಲಸ ಎಂದು ಅವನು ರಬ್ಬರು ಕತ್ತರಿಸಿ ಮುಚ್ಚಳದೊಳಗೆ ಕೂರಿಸಿದ್ದ. ವಾಸನೆ ನಿಂತಿತ್ತು. ಅದೇ ದಿನ ಮರೆತೂಬಿಟ್ಟಿದ್ದ. ಈಗ ರಬ್ಬರನ್ನು ಕಿತ್ತಾಗ ಅದರಡಿ ಸೂಜಿಮೊನೆಯಷ್ಟು ತೂತು ಕಂಡಿತು. ಪೆಟ್ರೋಲ್ ಹೋದ ಜಾಗಕ್ಕೆ ಗಾಳಿ ಬರಲೆಂದು ಗಾಡಿ ಮಾಡಿದವರು ಬಿಟ್ಟ ತೂತು. ಅದನ್ನು ಅವನು ಮುಚ್ಚಿದ್ದ. ಇಪ್ಪತ್ತೈದು ಕಿಲೋಮೀಟರ್ ಓಡಿದ ಮೇಲೆ ಟ್ಯಾಂಕು ಉಸಿರುಗಟ್ಟುತ್ತಿತ್ತು. ಅಂಗಡಿಯಲ್ಲಿ ಪ್ರತಿ ಸಲ ಮುಚ್ಚಳ ತೆಗೆಯುತ್ತಿದ್ದುದರಿಂದ ಅಲ್ಲಿ ತಪ್ಪು ತೋರಲೇ ಇಲ್ಲ.

ಬೈಲಹೊಂಗಲದಿಂದ ಕಿತ್ತೂರಿಗೂ ಹೆಚ್ಚು ಕಡಿಮೆ ಅಷ್ಟೇ ದೂರ.

ಗಾಡಿಗೆ ಆತು ಕೂತ. ಶಿವಾನಿ ಬರುವುದು ಕಂಡು ರಬ್ಬರನ್ನು ಕಿಸೆಗೆ ತುರುಕಿದ.

"ಸಿಕ್ತೇನ್ರಿ?"

"ಸಿಕ್ತು" ಎಂದ. ಟ್ಯಾಂಕಿನ ಮುಚ್ಚಳ ಬಿಗಿದ. "ಪಂಪಿನ ವಯರ್... ಲೂಜ್ ಇತ್ತು."

ಗಾಡಿ ಒಂದೇ ಸೆಲ್ಫಿಗೆ ಹತ್ತಿತು. ಡ್ಯಾಮು ಮುಟ್ಟಿ, ತಿರುಗಿ ಬೈಲಹೊಂಗಲದವರೆಗೆ ಎಲ್ಲೂ ನಿಲ್ಲಲಿಲ್ಲ. ಸಾವುಕಾರರ ಮನೆಯಲ್ಲಿ ಅವನಿಗೆ ಅವಲಕ್ಕಿ, ಚಹಾ ಬಂದವು. "ನಾ ಹೇಳಿರಲಿಲ್ಲಾ? ಗೌತಮನ ಕೈಯಾಗ ಸಿಗದಿದ್ದ ತಪ್ಪು ಇಲ್ಲ. ಆ ಶಟ್ಟೆಪ್ಪ ಹಾಳ ಮಾಡಿದ ಗಾಡಿ ಇದು" ಎಂದರು ಸಾವುಕಾರರು. ಸುಭಾಸ ಒಳಗಿನಿಂದ ಕಟ್ಟಿಗೆ ಊರುತ್ತ ಬಂದು, "ಥ್ಯಾಂಕ್ಸ್ ಗೌತಮ, ಇಷ್ಟ ದಿವಸ ಯಾಕ ನಿಂತು ಯಾಕ ನಿಂತು ಅಂತ ತಲ್ಯಾಗ ಹುಳಾ ಕೊರೀತಿತ್ತು" ಎಂದ. ಗೌತಮ ಅವಲಕ್ಕಿಯನ್ನು ಅಲ್ಲೇ ಬಿಟ್ಟು ಎದ್ದ.

ಮನೆಯಲ್ಲಿ ಸಪ್ನಾಳ ಮುಂದೆ ರಬ್ಬರು ಇಟ್ಟು ಎಲ್ಲ ಹೇಳಿದ. ಅವಳು ಅದನ್ನು ಕೈಗೆತ್ತಿಕೊಂಡು ನೋಡಿದಳು. "ಸಾವುಕಾರ್ರು ಬಿಡೂದಿಲ್ರಿ" ಎಂದಳು. ರಬ್ಬರನ್ನು ಕೆಳಗಿಟ್ಟು, "ಶಟ್ಟೆಪ್ಪ ಕಾಕಾರ ಹೇಂತಿ ಮೊನ್ನಿ ಸಂತ್ಯಾಗ ಸಿಕ್ಕಿದ್ಳು. ನನ್ನ ನೋಡಿ ಮಾರಿ ತಿರಿವಿದ್ಳು" ಎಂದಳು. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಸಾವುಕಾರರ ಅಂಗಳದಲ್ಲಿ ನಿಂತೇ ಇದ್ದ. ಕೂಡು ಎಂದರೂ ಕೂರಲಿಲ್ಲ.

"ಸಾವುಕಾರ್ರ, ನಿನ್ನಿ ನಾ ಸುಳ್ಳ ಹೇಳೇನಿ. ವಯರ್ ಲೂಜ್ ಇರಲಿಲ್ಲ. ಈ ರಬ್ಬರ್ ನಾ ಹಾಕಿದ್ದು. ಗಾಡಿ ನಿಂತದ್ದು ಇದರಿಂದ. ಕಿತ್ತೂರಾಗೂ ಇದರಿಂದನ. ಶಟ್ಟೆಪ್ಪ ಕಾಕಾಂದು ಏನೂ ತಪ್ಪಿಲ್ಲ."

ಮೊದಲು ಯಾರಿಗೂ ತಿಳಿಯಲಿಲ್ಲ. ಅವನು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ತರಿಸಿ, ಬೂಚಿಗೆ ಸಣ್ಣ ತೂತು ಕೊರೆದು, ಬೋರಲು ಹಿಡಿದ. ನಾಲ್ಕು ಹನಿ ಬಿದ್ದು ನಿಂತಿತು. ತಳಕ್ಕೆ ಮೊಳೆಯಿಂದ ಚುಚ್ಚಿದ. ನೀರು ಧಾರೆಯಾಗಿ ಇಳಿಯಿತು. ಆಗ ಸಾವುಕಾರರ ಮುಖ ಕಪ್ಪಿಟ್ಟಿತು.

"ನನ್ನ ಮಗನ ಕಾಲು!" ಎಂದು ಅವರು ಎದ್ದರು. ಕೈ ಎತ್ತಿದ್ದೂ ಹೌದು. ಸುಭಾಸ ಕಟ್ಟಿಗೆಯನ್ನು ಅಡ್ಡ ಹಿಡಿದ. "ಅಪ್ಪಾ, ಬ್ಯಾಡ. ಅಂವಾ ಹೇಳದಿದ್ರ ನಮಗ ಗೊತ್ತ ಆಗ್ತಿರಲಿಲ್ಲ."

ರಾಚವ್ವ ಬಾಗಿಲಲ್ಲಿ ಕುಸಿದು ಕೂತರು. "ನಾರತೈತಿ ಅಂದಾಕಿ ನಾನ" ಎಂದಷ್ಟೇ ಅಂದರು.

ಶಿವಾನಿ ಮಾತ್ರ ಅವನನ್ನು ನೆಟ್ಟಗೆ ನೋಡಿ, "ಲಾರಿ ಮುಂದ ಓಡಿದ್ರಿ. ಆದ್ರ ಐದ ನಿಮಿಷಕ್ಕ ನನ್ನ ಮುಂದ ಸುಳ್ಳ ಹೇಳಿದ್ರಿ" ಎಂದಳು.

"ಇನ್ನ ಈ ಅಂಗಳದಾಗ ಕಾಲಿಡಬ್ಯಾಡ" ಎಂದರು ಸಾವುಕಾರರು.

ಅಲ್ಲಿಂದ ಸೀದಾ ಬಸ್ ಹಿಡಿದ. ರಾಮದುರ್ಗದಲ್ಲಿ ಬದಲಿಸಿ ಸುರೇಬಾನ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಶಟ್ಟೆಪ್ಪ ಟ್ರ್ಯಾಕ್ಟರಿನ ಅಡಿ ಮಲಗಿ ನಟ್ಟು ಬಿಗಿಯುತ್ತಿದ್ದ. ಗೌತಮ ಕುಕ್ಕರಗಾಲಲ್ಲಿ ಕೂತು, ಎಲ್ಲವನ್ನೂ ಆ ಎರಡು ಪಾದಗಳಿಗೆ ಹೇಳಿದ. ಪಾನಾ ಹಿಡಿದ ಕೈ ನಿಂತಿತು. ಮುದುಕ ಹೊರಗೆ ಸರಿದು ಬಂದ.

"ಯಾರ ಮುಂದ ಹೇಳಿದಿ?"

"ಸಾವುಕಾರ್ರ ಮನ್ಯಾಗ, ಎಲ್ಲಾರ ಮುಂದ."

"ಮನ್ಯಾಗ." ಶಟ್ಟೆಪ್ಪ ಕೈಯ ಗ್ರೀಸನ್ನು ಚಿಂದಿಗೆ ಒರೆಸಿದ. "ನನ್ನ ಬೈದದ್ದು ಚಾದಂಗಡಿ ಮುಂದ. ಇಪ್ಪತ್ತ ಮಂದಿ ನಿಂತಿದ್ರು. ಅವ್ರಿಗೆ ಯಾರ ಹೇಳಾವ್ರು?"

ಗೌತಮ ಆ ಇಪ್ಪತ್ತು ಮಂದಿಯನ್ನು ನೆನೆದ. ಮನೆಯ ಒಳಗಿನ ಮಾತು ಬೇರೆ, ಬಸ್‌ಸ್ಟ್ಯಾಂಡಿನದು ಬೇರೆ. ಅಲ್ಲಿ ಹೇಳಿದರೆ ತನ್ನ ಅಂಗಡಿಗೂ ಶಟರ್ ಬೀಳಬಹುದು. "ನಾಳೆ ಮುಂಜಾನೆ ಬರ್ರಿ ಕಾಕಾ. ನಿಮ್ಮ ಮುಂದನ ಹೇಳತೇನಿ" ಎಂದ.

ಶನಿವಾರ ಮುಂಜಾನೆ ಒಂಬತ್ತಕ್ಕೆ ಬೈಲಹೊಂಗಲದ ಚಹಾದಂಗಡಿಯ ಮುಂದೆ ಲಾರಿ ಡ್ರೈವರುಗಳು, ಹಮಾಲರು, ಟ್ರ್ಯಾಕ್ಟರಿನವರು ಕೂಡಿದ್ದರು. ಶಟ್ಟೆಪ್ಪ ಬೆಂಚಿನ ತುದಿಗೆ ಕೂತ. ಗೌತಮ ನಿಂತು ಹೇಳತೊಡಗಿದಾಗ ದನಿ ಏಳಲಿಲ್ಲ. "ಜೋರ ಹೇಳೋ" ಎಂದ ಯಾರೋ. ಅವನು ಮತ್ತೆ ಮೊದಲಿನಿಂದ, ಜೋರಾಗಿ ಹೇಳಿದ. ಕೆಲವರು ತಲೆಯಾಡಿಸಿದರು. ಒಬ್ಬ, "ವಯರಿನವ ಮುಚ್ಚಳಕ್ಕ ಯಾಕ ಕೈ ಹಾಕಬೇಕಿತ್ತೋ?" ಎಂದು ನಕ್ಕ. ತನ್ನ ಟ್ರ್ಯಾಕ್ಟರನ್ನು ಗೌತಮನ ಅಂಗಡಿಯಲ್ಲಿ ಬಿಟ್ಟಿದ್ದ ನೇಸರಗಿಯ ಅಂದಾನೆಪ್ಪ ಎದ್ದು, ಅದನ್ನು ಬಿಡಿಸಿಕೊಂಡೇ ಹೋದ. ಶಟ್ಟೆಪ್ಪ ಚಹಾ ಮುಗಿಸಿ, ಎಲ್ಲರನ್ನೂ ಒಮ್ಮೆ ನಿಧಾನವಾಗಿ ನೋಡಿ, ತನ್ನ ಗ್ಯಾರೇಜಿನ ಶಟರ್ ಎತ್ತಲು ನಡೆದ.

ಭಾನುವಾರದ ಮೆರವಣಿಗೆಗೆ ಕೆಂಪು ಗಾಡಿ ಹೊರಡುತ್ತದೋ ಇಲ್ಲವೋ ಗೌತಮನಿಗೆ ಗೊತ್ತಿರಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಏಳೂವರೆಗೆ ಅದು ಶಿವಾನಿಯೊಬ್ಬಳನ್ನೇ ಹೊತ್ತು ಅಂಗಡಿಯ ಮುಂದಿನಿಂದಲೇ ಹೋಯಿತು. ಅವಳು ಈ ಕಡೆ ನೋಡಲಿಲ್ಲ. ಅಲ್ಲಿಂದ ಅವನ ದಿನ ಕಿಲೋಮೀಟರಿನಲ್ಲಿ ನಡೆಯಿತು. ಈಗ ಇಪ್ಪತ್ತೈದು ಆಗಿರಬೇಕು. ಈಗ ಹೈವೇ. ರಬ್ಬರು ತೆಗೆದದ್ದು ನಿಜ, ಆದರೆ ಅದೊಂದೇ ತಪ್ಪು ಎಂದು ಯಾರು ಹೇಳಿದರು? ಒಳಗೆ ಇನ್ನೇನಾದರೂ ಇದ್ದರೆ? ಬಸ್‌ಸ್ಟ್ಯಾಂಡಿಗೆ ಹೋಗಿ ಬೆಳಗಾವಿಯಿಂದ ಬಂದ ಮೂರು ಬಸ್ಸಿನ ಡ್ರೈವರುಗಳನ್ನು ಕೇಳಿದ: ದಾರ್ಯಾಗ ಕೆಂಪು ಸಣ್ಣ ಗಾಡಿ ನಿಂತಿತ್ತೇನ್ರಿ? ಇಬ್ಬರು ಇಲ್ಲ ಎಂದರು. ಮೂರನೆಯವನು, ನೆನಪಿಲ್ಲ ಎಂದ. ಆ ಮಾತೇ ಅವನನ್ನು ಮಧ್ಯಾಹ್ನದವರೆಗೆ ತಿಂದಿತು.

ನಾಲ್ಕು ಗಂಟೆಯ ಸುಮಾರಿಗೆ ಗಾಡಿ ಬಂತು. ನಿಂತದ್ದು ಅವನ ಅಂಗಡಿಗಲ್ಲ, ಪಕ್ಕದ ಗ್ಯಾರೇಜಿಗೆ. ಗೋಡೆಯಾಚೆ ಶಿವಾನಿಯ ದನಿ ಕೇಳಿಸಿತು: "ಶಟ್ಟೆಪ್ಪ ಕಾಕಾ, ಹೋಗಿ ಬರೂದ್ರಾಗ ಎಲ್ಲೂ ನಿಲ್ಲಲಿಲ್ರಿ. ಆದ್ರ ನಿಲ್ಲಿಸಿದಾಗ ಎಂಜಿನ್ ಭಾಳ ನಡಗತೈತಿ, ಒಂದೀಟ ನೋಡ್ರಿ. ಅಪ್ಪಾರು ಆಮ್ಯಾಲ ಬರತಾರ, ನಿಮ್ಮ ಕೂಡ ಮಾತಾಡಬೇಕಂತ."

ಸ್ವಲ್ಪ ಹೊತ್ತು ಪಾನಾದ ಸಪ್ಪಳ. ಆಮೇಲೆ ಶಟ್ಟೆಪ್ಪನ ಒರಟು ದನಿ ಗೋಡೆ ದಾಟಿ ಬಂತು.

"ಗೌತಮ, ಎಡಗಡೆ ಲೈಟ್ ಮಂದ ಐತಿ. ಬಾ, ನೋಡು."

ಗೌತಮ ಎದ್ದ. ಟೆಸ್ಟ್ ಲ್ಯಾಂಪ್ ಎತ್ತಿಕೊಂಡ. ಗೋಡೆಯಾಚೆ ಶಿವಾನಿ ಇನ್ನೂ ಇದ್ದಳು; ಆದರೂ ಅವನು ನಿಲ್ಲಲಿಲ್ಲ. ಹಾಗೆಯೇ ಹೊರಟ.