ತೀರ್ಥದೊಳಗಿನ ಸಕ್ಕರೆ

ತುರ್ವಿಹಾಳದ ಡಾಕ್ಟರ್ ವಿಜಯಶ್ರೀಯ ದವಾಖಾನೆಗೆ ಬರುವವರು ಬರೀ ರೋಗ ಹೇಳಿ ಎದ್ದು ಹೋಗುವ ಪೈಕಿ ಅಲ್ಲ. ಮಗಳ ಬಾಣಂತನ, ಸೊಸೆಯ ಸಿಡುಕು, ಕಾಲುವೆಗೆ ನೀರು ಬಿಟ್ಟ ಸುದ್ದಿ, ಎಲ್ಲ ಆಗಬೇಕು. ಅವಳೂ ಕೂತು ಕೇಳುತ್ತಾಳೆ. ಅರ್ಧ ರೋಗ ಈ ಹರಟೆಯಲ್ಲೇ ಸಿಗುತ್ತದೆಂಬುದು ಅವಳ ಗಟ್ಟಿ ನಂಬಿಕೆ.

ಶ್ರಾವಣದ ಆ ಬೆಳಿಗ್ಗೆ ಮೊಣಕಾಲು ನೋವೆಂದು ಬಂದ ಅಂಬಮ್ಮ ಗಂಡನ ಮಾತು ತೆಗೆದಳು. ಗಂಡ ಜಂಬಣ್ಣ ಭತ್ತದ ವ್ಯಾಪಾರಿ. ಸಕ್ಕರೆ ಕಾಯಿಲೆಗೆ ಅವನಿಗೆ ಗುಳಿಗೆ ಕೊಟ್ಟವಳು ವಿಜಯಶ್ರೀಯೇ.

“ಶ್ರಾವಣ ಹತ್ತಿದಾಗಿಂದ ಲಿಂಗಪೂಜಿ ಭಾಳ ಹೊತ್ತು ಮಾಡಾಕತ್ತ್ಯಾರವ್ವ. ಅಂಗೈಯಾಗ ಲಿಂಗ ಹಿಡಕೊಂಡು ಕುಂತ್ರಂದ್ರ ಮೈಯೆಲ್ಲ ಬೆವರತೈತಿ, ಕೈ ನಡಗತಾವ. ನಿನ್ನಿ ಅವರಿಗೆ ನನ್ನ ಹೆಸರs ನೆನಪಾಗಲಿಲ್ಲ ನೋಡ್ರಿ. ಓಣಿ ಮಂದಿ ಬಂದು ಕೈಮುಗದು ಹೋಗಾಕತ್ತ್ಯಾರ,” ಎಂದಳು. ಹೆಮ್ಮೆಯಿಂದ ಅವಳ ಮುಖ ಅರಳಿತ್ತು.

ವಿಜಯಶ್ರೀ ಹರಟೆಯನ್ನು ಅಲ್ಲಿಗೇ ತಡೆದಳು.

“ಸಕ್ರಿ ಗುಳಿಗಿ ಯಾವಾಗ ತಗೋತಾರ್ರಿ?”

“ನೀವs ಹೇಳೀರಲ್ಲ, ಊಟಕ್ಕಿಂತ ಮದಲs ಅಂತ. ಎದ್ದ ಕೂಡಲೇ ನುಂಗತಾರ. ಪೂಜಿ ಆಗೂತನಕ ಬ್ಯಾರೆ ಏನೂ ಬಾಯಾಗ ಹಾಕಂಗಿಲ್ಲ.”

“ಇವತ್ತಿಂದು ಮುಗದೈತೇನು?”

“ಎಲ್ಲೀದ್ರಿ, ಮೈಮರತು ಕುಂತಾರ.”

ವಿಜಯಶ್ರೀ ಬ್ಯಾಗು ಎತ್ತಿಕೊಂಡು ಸ್ಕೂಟರ್ ಚಾಲೂ ಮಾಡಿದಳು. ಮೊಣಕಾಲು ಮರೆತ ಅಂಬಮ್ಮ ಹಿಂದೆ ಏರಿದಳು.

ಮನೆಯಲ್ಲಿ ಏಳೆಂಟು ಮಂದಿ ಕೈಮುಗಿದು ನಿಂತಿದ್ದರು. ಜಂಬಣ್ಣನ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು, ಕಣ್ಣು ಅರೆತೆರೆದಿದ್ದವು.

“ಪೂಜಿ ನಡುವ ಮುಟ್ಟಬ್ಯಾಡ್ರಿ,” ಎಂದ ಪಕ್ಕದ ಮನೆಯ ಆದಪ್ಪ.

“ದೇವರಿಗೆ ನಾ ಜವಾಬು ಕೊಡತೀನಿ, ನೀ ಸರಿ ಆ ಕಡೆ,” ಎಂದು ವಿಜಯಶ್ರೀ ಜಂಬಣ್ಣನ ಬೆರಳಿಗೆ ಸೂಜಿ ಚುಚ್ಚಿದಳು. ಮೀಟರಿನಲ್ಲಿ ರಕ್ತದ ಸಕ್ಕರೆ ಪಾತಾಳಕ್ಕಿಳಿದಿತ್ತು. ಸಕ್ಕರೆ ನೀರು ಬಾಯಿಗೆ ಹಿಡಿದರೆ ಮನುಷ್ಯ ಹಲ್ಲು ಕಚ್ಚಿ ತಲೆಯಲ್ಲಾಡಿಸಿದ. ಹೆಂಡತಿಯ ಹೆಸರು ಮರೆತವನಿಗೆ ನೇಮ ಮಾತ್ರ ನೆನಪಿತ್ತು! ಸಿಟ್ಟೂ ಬಂತು, ಮೆಚ್ಚುಗೆಯೂ ಆಯಿತು ಅವಳಿಗೆ. ಲಿಂಗ ತೊಳೆದ ತೀರ್ಥದ ಬಟ್ಟಲು ಪಕ್ಕದಲ್ಲೇ ಇತ್ತು. ಅದಕ್ಕೆ ಸಕ್ಕರೆ ಸುರಿದು ಕಲಸಿದಳು.

“ಅಮ್ಮಾರs, ನೀವs ಕೊಡ್ರಿ,” ಎಂದು ಬಟ್ಟಲನ್ನು ಅಂಬಮ್ಮನ ಕೈಗಿಟ್ಟಳು.

“ತೀರ್ಥ ತಗೋರಿ,” ಎಂದಳು ಅಂಬಮ್ಮ. ಬಾಯಿ ತೆರೆಯಿತು. ಚಮಚ ಚಮಚವಾಗಿ ಬಟ್ಟಲು ಖಾಲಿಯಾಯಿತು.

ಸ್ವಲ್ಪ ಹೊತ್ತಿಗೆ ಬೆವರು ಆರಿತು, ಕೈ ನಡುಕ ನಿಂತಿತು. “ಡಾಕ್ಟರಮ್ಮ, ನೀವ್ಯಾವಾಗ ಬಂದ್ರಿ?” ಎಂದ ಜಂಬಣ್ಣ.

ಗುಳಿಗೆ ನುಂಗಿ ಉಪವಾಸ ಕೂತದ್ದಕ್ಕೇ ರಕ್ತದ ಸಕ್ಕರೆ ಇಳಿದು ಮೈಮರೆತದ್ದೆಂದು ವಿಜಯಶ್ರೀ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಾಳಿಂದ ಪೂಜಿ ಎಷ್ಟೊತ್ತರ ಮಾಡ್ರಿ. ರೊಟ್ಟಿ ತಾಟು ಮುಂದ ಬಂದ ಮ್ಯಾಲs ಗುಳಿಗಿ. ನೀವು ಯಾವಾಗ ಉಣ್ಣತೀರಿ ಅಂತ ಕೇಳಿ ಕೊಡಬೇಕಿತ್ತು ನಾನು.”

ಅಂಬಮ್ಮನ ಮುಖ ಬಾಡಿತು. “ಹಂಗಾರ ಅದು ಭಕ್ತಿ ಅಲ್ಲೇನವ್ವ?”

“ಭಕ್ತಿ ಅವರದs ಐತ್ರಿ. ಬೆವರು ನನ್ನ ಗುಳಿಗೀದು.”

ಜಂಬಣ್ಣ ಲಿಂಗವನ್ನು ಕಣ್ಣಿಗೊತ್ತಿಕೊಂಡು ವಸ್ತ್ರದಲ್ಲಿ ಕಟ್ಟಿದ. ಆಮೇಲೆ ನಿಂತಿದ್ದವರ ಮುಖ ಒಂದೊಂದನ್ನೇ ನೋಡಿದ.

“ಇನ್ನೊಂದು ತಾಸು ಹಂಗs ಬಿಟ್ಟಿದ್ರ, ಜಂಬಣ್ಣ ಲಿಂಗೈಕ್ಯ ಆದ ಅಂತ ಮಾಲಿ ಹಾಕಿಬಿಡತಿದ್ರಿ.”

ಮುಗಿದಿದ್ದ ಕೈಗಳು ಕೆಳಗಿಳಿದವು. ಅಂಬಮ್ಮ ಒಳಗೆ ಹೋಗಿ ರೊಟ್ಟಿ ತಂದಳು, ಅಳುತ್ತಲೇ ತುತ್ತು ಮುರಿದು ಗಂಡನ ಬಾಯಿಗಿಟ್ಟಳು.