ಒಂದೂ ಪುಸ್ತಕ ಕಳೆಯದ ಪೆಟ್ಟಿಗೆ

ನಮ್ಮ ಬೀದಿಯ ಬಡಗಿಯಣ್ಣ ಕೆಲಸದಲ್ಲಿ ನಿಸ್ಸೀಮ, ಅನುಮಾನದಲ್ಲಿ ಅದಕ್ಕಿಂತ ನಿಸ್ಸೀಮ. ಬೀದಿಯವರು ಓದಿ ಮುಗಿಸಿದ ಪುಸ್ತಕ ಇಟ್ಟು, ಬೇಕಾದ್ದನ್ನು ಒಯ್ಯಲಿ ಎಂದು, ಆಸ್ಪತ್ರೆಯಿಂದ ನಮ್ಮ ಬೀದಿಗೆ ಬರುವ ನರ್ಸಕ್ಕ ಅವನ ಹತ್ತಿರ ಒಂದು ಪೆಟ್ಟಿಗೆ ಮಾಡಿಸಿದಳು. ಗಾಜಿನ ಬಾಗಿಲಿನ ಚೆಂದದ ಪೆಟ್ಟಿಗೆ. ಅದನ್ನು ತನ್ನ ಮನೆಯ ಹೊರಗೋಡೆಗೆ ಕೂರಿಸಿ, ಬೀದಿಯವರು ಕೊಟ್ಟ ಪುಸ್ತಕ ತುಂಬಿ, ಮೇಲೊಂದು ದಪ್ಪ ಬೀಗ ಜಡಿದ ಮಹಾರಾಯ! ಕೀಲಿಕೈ ಅವನ ಸೊಂಟದಲ್ಲಿ.

ತಿಂಗಳಾದ ಮೇಲೆ ನರ್ಸಕ್ಕ ಬಂದಳು.

"ನೋಡಕ್ಕ, ನಲವತ್ತು ಪುಸ್ತಕ. ಒಂದೂ ಕಳೆದಿಲ್ಲ!" ಎಂದು ಬಡಗಿಯಣ್ಣ ಮೀಸೆ ತಿರುವಿದ.

"ಅಯ್ಯೋ ಪುಣ್ಯಾತ್ಮ! ಅಂದ್ರೆ ಒಬ್ರೂ ಓದಿಲ್ಲ ಅಂತಾಯ್ತು."

"ಬೀಗ ತೆಗೆದ್ರೆ ಎಲ್ಲಾ ರದ್ದಿ ಅಂಗಡಿಗೆ ಹೋಗ್ತವೆ. ಜನರ ಬುದ್ಧಿ ನಂಗೊತ್ತಿಲ್ವಾ?"

"ಒಂದೆರಡು ಹೋದ್ರೆ ಹೋಗ್ಲಿ ಬಿಡು. ಕೀಲಿ ಕೇಳಿದವರನ್ನ ಪೊಲೀಸಿನವರ ಹಾಗೆ ವಿಚಾರಿಸ್ತೀಯಂತೆ, ಯಾರು ಬರ್ತಾರೆ? ಅದಿರ್ಲಿ, ಅಮ್ಮ ಹೇಗಿದಾರೆ?"

ಬಡಗಿಯಣ್ಣನ ಮುಖ ಬಾಡಿತು. ಅವನ ತಾಯಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ ಹೆಂಗಸು. ಕಣ್ಣು ಮಂಜಾಗಿ, ಡಾಕ್ಟರೂ ಕೈಚೆಲ್ಲಿದ ಮೇಲೆ ಹಾಸಿಗೆ ಹಿಡಿದುಬಿಟ್ಟಿದ್ದರು. ಮಾತಿಲ್ಲ, ಕತೆಯಿಲ್ಲ. "ಎರಡು ತುತ್ತೂ ಉಣ್ತಿಲ್ಲಕ್ಕ. ನಂಗೆ ಭಯ ಆಗ್ತಿದೆ," ಎಂದ.

"ಕಣ್ಣು ಹೋದ್ರೆ ಕಿವಿ ಇಲ್ವೇನೋ? ಓದಿ ಹೇಳು."

"ನಾನಾ? ಅಳತೆ ಪಟ್ಟಿ ಬಿಟ್ರೆ ಬೇರೇನೂ ಓದಿದೋನಲ್ಲ."

"ಓದೋರು ಬೀದೀಲಿದಾರೆ. ಮೊದ್ಲು ಬೀಗ ತೆಗಿ."

ಗೊಣಗುತ್ತಲೇ ತೆಗೆದ. ತಾಯಿಯನ್ನು ಅಕ್ಕಪಕ್ಕದ ಅಜ್ಜಿಯರಿಗೆ ಒಪ್ಪಿಸಿ, ಮೂರು ದಿನ ಹೊರಗಿನ ಕೆಲಸ ಮುಗಿಸಿ ಬಂದರೆ ಪೆಟ್ಟಿಗೆ ಅರ್ಧ ಖಾಲಿ! "ನಾನು ಹೇಳ್ಲಿಲ್ವಾ!" ಎಂದು ಬೀಗ ತರಲು ಒಳಗೆ ನುಗ್ಗಿದವನು ಬಾಗಿಲಲ್ಲೇ ನಿಂತ. ತಾಯಿಯ ಮಂಚದ ಪಕ್ಕ ಇಸ್ತ್ರಿ ಅಂಗಡಿಯವಳು ಕೂತು ಜೋರಾಗಿ ಓದುತ್ತಿದ್ದಳು. ಪೆಟ್ಟಿಗೆಯಿಂದ ಕತೆ ಪುಸ್ತಕ ಒಯ್ಯುತ್ತಿದ್ದವಳನ್ನು ನರ್ಸಕ್ಕನೇ ಇಲ್ಲಿಗೆ ಕಳಿಸಿದ್ದಳಂತೆ. ಆ ಇಬ್ಬರು ಅಜ್ಜಿಯರೂ ಕಾಲು ಚಾಚಿ ಕೂತಿದ್ದರು. ಅವನನ್ನು ಕಂಡು ಅವಳು ಓದು ನಿಲ್ಲಿಸಿದಳು.

"ಯಾಕೆ ನಿಲ್ಸಿದೆ? ಮುಂದೆ ಓದೇ! ಆ ಗಯ್ಯಾಳಿ ಅತ್ತೆಗೆ ನಿಜ ಗೊತ್ತಾಯ್ತೋ ಇಲ್ವೋ?" ತಾಯಿ ಎದ್ದು ಕೂತು ಗದರಿದರು.

ಅವರ ದನಿ ಕೇಳಿ ಎರಡು ತಿಂಗಳಾಗಿತ್ತು. ಬಡಗಿಯಣ್ಣ ಗಳಗಳ ಅತ್ತುಬಿಟ್ಟ.

"ಅಳೋದಾದ್ರೆ ಆಚೆ ಹೋಗಿ ಅಳೋ, ಕತೆ ಕೇಳಿಸ್ತಿಲ್ಲ!" ಎಂದರು ತಾಯಿ.

ಒಯ್ದ ಪುಸ್ತಕಗಳಲ್ಲಿ ನಾಲ್ಕು ಮರಳಲಿಲ್ಲ, ನಿಜ. ಆರು ಹೊಸವು ಬಂದವು. ಬಡಗಿಯಣ್ಣ ಈಗ ಪಕ್ಕದ ಬೀದಿಗೂ ಪೆಟ್ಟಿಗೆ ಮಾಡುತ್ತಿದ್ದಾನೆ, ಚಿಲಕ ಮಾತ್ರ ಇಟ್ಟು.

ನೀವೂ ಅಷ್ಟೇ, ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ನಾಲ್ಕು ಪುಸ್ತಕ ಈ ವಾರವೇ ಹೊರಗೆ ತನ್ನಿ. ಒಯ್ಯುವವರು ಒಯ್ಯಲಿ. ಕಣ್ಣು ಕಾಣದವರು, ಓದಲು ಬಾರದವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಅವರ ಪಕ್ಕ ಕೂತು ಒಂದರ್ಧ ಗಂಟೆ ಜೋರಾಗಿ ಓದಿ. ಇವತ್ತು ಸಂಜೆಯೇ ಹೋಗಿ.