ಅಪ್ಪನ ಮುಗಿಲರಸನ್

ಮುಗಿಲರಸನ್ ಎಂಬ ಹಳೆಯ ಚಿತ್ರನಟನ ನಡಿಗೆಯನ್ನು ಕುಮರೇಶನ್ ಕಲಿತದ್ದು ಸಿನಿಮಾದಿಂದಲ್ಲ, ಅಪ್ಪನಿಂದ. ತಮಿಳುನಾಡಿನ ಸಿರುಮುಗೈಯಲ್ಲಿ, ಮನೆಯೊಳಗೆ ಕನ್ನಡವಾಡುವ ನೇಕಾರರ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಊಟ ಮುಗಿದ ಮೇಲೆ ಅಪ್ಪ ದಂಡಪಾಣಿ ಎದ್ದು ಬರಬೇಕು, ಟವೆಲು ಬೀಸಿ ಮುಗಿಲರಸನ್ ಆಗಿ ನಡೆಯಬೇಕು, ಜನ ಸಿಳ್ಳೆ ಹೊಡೆಯಬೇಕು. ಅದಿಲ್ಲದಿದ್ದರೆ ಮದುವೆ ಮದುವೆಯೇ ಅಲ್ಲ. ಜೀವನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಊರವರ ಮಕ್ಕಳಿಗೆಲ್ಲ ರೇಷ್ಮೆ ಸೀರೆ ನೇಯ್ದ ಆ ಮನುಷ್ಯನಿಗೆ ಎದೆಯುಬ್ಬಿಸಿ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಮಗ ತುಡಿಯಲೂರಿನ ಮೋಟಾರು ಕಾರ್ಖಾನೆಯಲ್ಲಿ ತಂತಿ ಸುತ್ತುವ ವೈಂಡಿಂಗ್ ಕೆಲಸಕ್ಕಿದ್ದ. ತಾರೆಯರನ್ನು ಅನುಕರಿಸುವವರ ಸ್ಪರ್ಧೆಯೆಂದು ಟಿವಿಯವರು ಅಲ್ಲೇ ಹತ್ತಿರದ ಕಾಲೇಜಿನ ಸಭಾಂಗಣಕ್ಕೆ ಬಂದಿಳಿದಾಗ ಸುಮ್ಮನಿರಲಾರದೆ ಹೋಗಿ ಹೆಸರು ಕೊಟ್ಟ. ಮೊದಲ ಸುತ್ತಿನಲ್ಲಿ ಗೆದ್ದ ಖುಷಿಗೆ ಕ್ಯಾಮೆರಾದ ಮುಂದೆ ಬಾಯಿ ಬಿಟ್ಟ: ನನ್ನ ಗುರು ನಮ್ಮಪ್ಪ, ಮುಗಿಲರಸನ್ ನಡಿಗೆಯನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿದವರು ಅವರೊಬ್ಬರೇ ಎಂದ. ಮುಂದಿನ ಪಾಡೆಲ್ಲ ಅವನ ಬಾಯಿಂದಲೇ ಬಂದದ್ದು, ಬೇರೆ ಯಾರನ್ನು ದೂರುವುದು.

ಎರಡನೆಯ ಸುತ್ತಿನಲ್ಲಿ ಕೊನೆಯಿಂದ ಎರಡನೆಯವನಾಗಿ ಹೇಗೋ ಪಾರಾದ. ಸ್ಪರ್ಧಿಗಳನ್ನು ತಿದ್ದಲೆಂದು ಟಿವಿಯವರು ಇಟ್ಟಿದ್ದ ಕೃತ್ತಿಕಾ ಎಂಬ ಹುಡುಗಿ ಅವನನ್ನು ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ನಟನ ಹಳೆಯ ದೃಶ್ಯವನ್ನೂ ಅವನ ನಡಿಗೆಯನ್ನೂ ಅಕ್ಕಪಕ್ಕ ಓಡಿಸಿದಳು. ಮುಗಿಲರಸನ್ ನಡೆಯುವಾಗ ಭುಜ ಅಲುಗುವುದೇ ಇಲ್ಲ. ಕುಮರೇಶನ್‌ನ ಬಲಭುಜ ಮಾತ್ರ ಹೆಜ್ಜೆ ಹೆಜ್ಜೆಗೂ ಚಿಮ್ಮಿ ಬೀಳುತ್ತಿತ್ತು. ಇದನ್ನೆಲ್ಲಿ ಕಲಿತೆ ಎಂದು ಅವಳು ಕೇಳಿದಳು. ಕುಮರೇಶನ್‌ಗೆ ಆಗ ಹೊಳೆಯಿತು. ಮಗ್ಗದಲ್ಲಿ ಲಾಳಿ ಹಾರಿಸುವ ಹಗ್ಗವನ್ನು ಬಲಗೈಯಿಂದ ಸೆಳೆದು ಸೆಳೆದು ಹಾಗಾದ ಅಪ್ಪನ ಭುಜ ಅದು. ಅಪ್ಪ ಅನ್ನಕ್ಕೆ ಕೂತರೂ ಬಸ್ಸಿಗೆ ಓಡಿದರೂ ಅದು ಹಾಗೆಯೇ ಚಿಮ್ಮುತ್ತದೆ. ಇಷ್ಟು ವರ್ಷ ಬೀದಿಯೆಲ್ಲ ಮುಗಿಲರಸನ್‌ನದೆಂದು ಸಿಳ್ಳೆ ಹೊಡೆದದ್ದು ಅಪ್ಪನ ಭುಜಕ್ಕೆ.

ಭುಜ ನಿಲ್ಲದಿದ್ದರೆ ಮುಂದಿನ ವಾರ ಮನೆಗೆ ಹೋಗುತ್ತೀಯ, ನಿಂತರೆ ಮುಂದಿನ ಸುತ್ತಿಗೆ ಚೆನ್ನೈಗೆ, ಎಂದಳು ಕೃತ್ತಿಕಾ. ಜೊತೆಗೇ ಇನ್ನೊಂದು ಮಾತು: ಮುಂದಿನ ವಾರ ಮನೆಯವರ ಸುತ್ತು, ಅಪ್ಪನನ್ನು ಕರೆದುಕೊಂಡು ಬಾ.

ಅವತ್ತಿನಿಂದ ಕುಮರೇಶನ್‌ಗೆ ಭುಜದ್ದೇ ಧ್ಯಾನ. ಕೆಲಸ ಮುಗಿದ ಮೇಲೆ ಬಲತೋಳನ್ನು ಟವೆಲಿನಿಂದ ಪಕ್ಕೆಗೆ ಬಿಗಿದುಕೊಂಡು ಮೋಟಾರುಗಳ ನಡುವೆ ಹೋಗುತ್ತ ಬರುತ್ತ ಅಭ್ಯಾಸ ಮಾಡಿದ. ಟವೆಲು ಬಿಚ್ಚಿದ ಕೂಡಲೇ ಭುಜ ಹಾರುತ್ತಿತ್ತು. ನಿಂತರೆ, ತಾನು ಕಲಿಸಿದ್ದು ತಪ್ಪೆಂದು ಅಪ್ಪ ಕಂಡುಹಿಡಿಯುತ್ತಾನಲ್ಲ ಎಂಬ ಭಯ, ನಿಲ್ಲದಿದ್ದರೆ ಚೆನ್ನೈ ಕೈತಪ್ಪುತ್ತದಲ್ಲ ಎಂಬ ಭಯ. ಕೊನೆಗೆ ಮನೆಗೆ ಫೋನು ಮಾಡಿ, ಸಭಾಂಗಣದಲ್ಲಿ ಜಾಗ ಸಾಲದಂತೆ, ಮನೆಯವರು ಬರುವುದು ಬೇಡವಂತೆ ಎಂದು ಸುಳ್ಳು ಬಿಟ್ಟ. ಅಪ್ಪ ಆಗಲಿ ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿಯೇ ಅನುಮಾನ ಬರಬೇಕಿತ್ತು.

ಕೃತ್ತಿಕಾ ನೇರವಾಗಿ ಅಪ್ಪನಿಗೇ ಫೋನು ಮಾಡಿದ್ದಳು. ಚಿತ್ರೀಕರಣದ ದಿನ ಪರದೆಯ ಸಂದಿಯಿಂದ ಇಣುಕಿದರೆ ಮುಂದಿನ ಸಾಲಿನಲ್ಲೇ ದಂಡಪಾಣಿ ಹೊಸ ಬಿಳಿ ಅಂಗಿ ತೊಟ್ಟು, ಪಕ್ಕದವರಿಗೆ ಏನನ್ನೋ ಕೈಯಾಡಿಸಿ ವಿವರಿಸುತ್ತ ಕೂತಿದ್ದ. ಕುಮರೇಶನ್ ಪರದೆಯ ಸಂದಿ ಮುಚ್ಚಿದ. ಅಷ್ಟರಲ್ಲಿ ಅವನ ಹೆಸರು ಕೂಗಿದರು.

ಅವನು ನಡೆದ. ಭುಜ ನಿಂತಿತು. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಕಲ್ಲಿನ ಹಾಗೆ ನಿಂತಿತು. ಸಭೆ ಎದ್ದು ಕೂಗಿತು. ಬೆಳಕು ಕಣ್ಣಿಗೆ ಕುಕ್ಕುತ್ತಿದ್ದುದರಿಂದ ಅಪ್ಪನ ಮುಖ ಅವನಿಗೆ ಕಾಣಲಿಲ್ಲ, ಕಾಣದಿದ್ದದ್ದೇ ಒಳ್ಳೆಯದೆನಿಸಿತು.

ತೀರ್ಪುಗಾರ್ತಿ ಚಂದ್ರಾ ಒಂದು ಕಾಲದಲ್ಲಿ ಮುಗಿಲರಸನ್‌ಗೇ ಕುಣಿತ ಹೇಳಿಕೊಟ್ಟವರು. ಅವರು ಮೈಕು ಹಿಡಿದು ಮೆಚ್ಚಿದರು, ಮನಸಾರೆ ಮೆಚ್ಚಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಹೋದ ವಾರ ಬಲಭುಜದಲ್ಲಿ ಅದೆಂಥದೋ ದರಿದ್ರದ ಚಿಮ್ಮಾಟ ಇತ್ತು, ಯಾರು ಕಲಿಸಿದ್ದರೋ, ಅದನ್ನು ಕಿತ್ತೆಸೆದಿದ್ದೀಯ, ಈಗ ನೀನು ಮುಗಿಲರಸನ್, ಎಂದುಬಿಟ್ಟರು. ತಮಿಳಿನಲ್ಲಿ ಹೇಳಿದ್ದು, ಮೂಲೆಮೂಲೆಗೂ ಕೇಳಿದ್ದು. ಕುಮರೇಶನ್‌ಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

ನಿರೂಪಕ ವಸಂತಕುಮಾರ್‌ಗೆ ಇದಾವುದೂ ಗೊತ್ತಿಲ್ಲ. ಅವನ ಕೈಯಲ್ಲಿದ್ದ ಚೀಟಿಯ ಪ್ರಕಾರ ಈಗ ಗುರುವನ್ನು ಕರೆಯಬೇಕು, ಕರೆದ. ಅಪ್ಪನಿಗೆ ಮಂಡಿನೋವು, ಬೇಡ ಸಾರ್ ಎಂದು ಕುಮರೇಶನ್ ಅಡ್ಡ ಬಂದ. ಆ ಹೊತ್ತಿಗೆ ದಂಡಪಾಣಿ ಮೆಟ್ಟಿಲು ಹತ್ತಿ ಆಗಿತ್ತು. ನಗುತ್ತಲೇ ಬಂದ, ಎಲ್ಲರಿಗೂ ಕೈ ಮುಗಿದ. ತೀರ್ಪುಗಾರ್ತಿಯ ಮಾತು ಅಪ್ಪನಿಗೆ ಕೇಳಿಸಲಿಲ್ಲವೇನೋ ಎಂದು ಮಗನಿಗೆ ಒಂದು ಕ್ಷಣ ಜೀವ ಬಂತು.

ಸಂಗೀತ ಶುರುವಾಯಿತು. ದಂಡಪಾಣಿ ಬಲಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ, ಹಲ್ಲು ಕಚ್ಚಿದ, ನಡೆದ. ಭುಜ ಮೇಲೇಳಲು ಹೋದಾಗಲೆಲ್ಲ ಅದನ್ನು ಕೆಳಕ್ಕೆ ಅದುಮಿದ. ಕಾಲು ತೊಡರಿತು, ತಾಳ ತಪ್ಪಿತು. ಅದು ಮುಗಿಲರಸನ್‌ನ ನಡಿಗೆಯಲ್ಲ, ಅಪ್ಪನದೂ ಅಲ್ಲ, ಏಟು ತಿಂದ ಯಾರೋ ಮುದುಕ ನಡೆದಂತಿತ್ತು. ಕುಮರೇಶನ್‌ಗೆ ನೋಡಲಾಗಲಿಲ್ಲ. ಬಳಿಗೆ ಓಡಿ ಮನೆಮಾತಿನಲ್ಲಿ ಕಿವಿಯಲ್ಲಿ ಹೇಳಿದ:

"ಅಪ್ಪಾ, ತೋಳ ಬುಡಪ್ಪಾ. ಯಾವಾಗ್ಲೂ ನಡೆಯಂಗೆ ನಡಿ."

"ಬ್ಯಾಡ ಕಣ್ಣು," ಎಂದ ಅಪ್ಪ, ಮಗನನ್ನು ಮುದ್ದಿಗೆ ಕರೆಯುವಂತೆ ಕರೆದು, ತುಟಿ ಮಾತ್ರ ಅಲುಗಿಸಿ. "ಆಯಮ್ಮ ನೋಡ್ತಾವ್ರೆ. ನಿನ್ ಮಾರ್ಕು ಹೋಯ್ತದೆ."

ಅಪ್ಪನ ಅಂಗಿಗೆ ಟಿವಿಯವರು ಮೊದಲೇ ಸಿಕ್ಕಿಸಿದ್ದ ಮೈಕಿನಿಂದ ಆ ಮಾತು ಸಭಾಂಗಣಕ್ಕೆಲ್ಲ ಕೇಳಿತು. ಕನ್ನಡವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಅಪ್ಪ ಏನು ಹೇಳಿದರು ಎಂದು ವಸಂತಕುಮಾರ್ ನಗುತ್ತ ಮಗನನ್ನು ಕೇಳಿದ.

ಕುಮರೇಶನ್ ಚಂದ್ರಾ ಅವರ ಕಡೆ ನೋಡಿದ. ಅವರ ಮುಂದೆ ಅಂಕದ ಫಲಕ ಇನ್ನೂ ಖಾಲಿಯಿತ್ತು.

"ರೊಂಬ ಸಂತೋಷಂ," ಎಂದ ತಮಿಳಿನಲ್ಲಿ, ಅಪ್ಪನಿಗೆ ತುಂಬ ಸಂತೋಷವಾಗಿದೆಯಂತೆ ಎಂದು.

ಸಭೆ ಚಪ್ಪಾಳೆ ತಟ್ಟಿತು. ದಂಡಪಾಣಿಯೂ ತಟ್ಟಿದ, ಬಲಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ.